ಅದಿರು ಇಡುತ್ತಿದ್ದ ಹಳೆ ತೇಗದ ಪೆಟ್ಟಿಗೆ: ದುರಸ್ತಿಯ ದಿನಚರಿ

ಸಂಗ್ರಹಾಲಯದ ಉಗ್ರಾಣಕ್ಕೆ ಉಕ್ಕಿನ ಬೀರು ಬಂದ ಮೇಲೆ ಕಲ್ಲು, ಅದಿರು, ಪಳೆಯುಳಿಕೆ ಇಡುತ್ತಿದ್ದ ಮರದ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಸೇರುತ್ತವೆ. ಅಲ್ಲಿಂದ ಹರಾಜಿಗೆ, ಇಲ್ಲವೇ ಒಲೆಗೆ. ಇದು ಅಂಥ ಒಂದು ಪೆಟ್ಟಿಗೆಯ ಕೆಲಸದ ದಾಖಲೆ.

ಹೊರ ಅಳತೆ 610 × 405 × 305 ಮಿ.ಮೀ. ಇಂಚಿಗೆ ತಿರುಗಿಸಿದರೆ ಹೆಚ್ಚು ಕಡಿಮೆ 24 × 16 × 12. ಮಾಡಿದವರ ಲೆಕ್ಕ ಇಂಚಿನದೇ. ನಾಲ್ಕು ಗೋಡೆ ಮುಕ್ಕಾಲಿಂಚು ತೇಗ, ಪ್ರತಿ ಮೂಲೆಗೆ 5 ಡವ್‌ಟೇಲ್ ಹಲ್ಲು, ಅಂದರೆ ಪಾರಿವಾಳದ ಬಾಲದಂತೆ ತುದಿ ಅಗಲವಾಗಿ ಗೂಡಿಗೆ ಸಿಕ್ಕಿಕೊಳ್ಳುವ ಹಲ್ಲು. ಮುಚ್ಚಳವೂ ತೇಗವೇ, ಎರಡು ಹಲಗೆ ಸೇರಿಸಿ ಒಳಗಿನಿಂದ ಅಡ್ಡಪಟ್ಟಿ ಕೊಟ್ಟದ್ದು. ತಳ ಮಾತ್ರ ಬೇರೆ: ಯಾವುದೋ ಸಾಗಣೆ ಡಬ್ಬಿಯಿಂದ ಕಿತ್ತ ಮೆದುಮರದ 3 ಹಲಗೆ. ನಡುವಿನ ಹಲಗೆಯ ಒಳಮೈಯಲ್ಲಿ ಹಳೆ ಡಬ್ಬಿಯ ಅಚ್ಚಕ್ಷರ ಅರ್ಧ ಅಳಿಸಿ, ತಲೆಕೆಳಗಾಗಿ ನಿಂತಿದೆ. ಪ್ರತಿ ಮೂಲೆಯ ಮೇಲಂಚಿನಲ್ಲಿ ಉಳಿಯಿಂದ ಕೊರೆದ ಗೀಟುಗಳಿವೆ: ಒಂದು ಮೂಲೆಗೆ ಒಂದು ಗೀಟು, ಮುಂದಿನದಕ್ಕೆ ಎರಡು, ಹೀಗೆ ನಾಲ್ಕರ ತನಕ. ಯಾವ ಹಲ್ಲು ಯಾವ ಗೂಡಿಗೆ ಅನ್ನುವುದಕ್ಕೆ ಬಡಗಿ ಹಾಕಿಕೊಂಡ ಗುರುತು ಅದು. ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಬಂದಾಗಿನ ಸ್ಥಿತಿ: ಮೂರು ಮೂಲೆ ಸಡಿಲ, ನಾಲ್ಕನೆಯದು ಗಟ್ಟಿ. ತಳದ ಹಲಗೆಗಳು ತುಕ್ಕು ತಿಂದ ಮೊಳೆಗಳಲ್ಲಿ ಜೋತುಬಿದ್ದಿವೆ. ಮುಚ್ಚಳದ ಒಂದು ಅಂಚು ಕುಟ್ಟೆ ಹಿಡಿದು ಟೊಳ್ಳು. ಒಳಗೆ ಒಂದು ಮೂಲೆಯಲ್ಲಿ ಮರ ಸುಟ್ಟಂತೆ ಕಪ್ಪಾಗಿ ಪುಡಿಯಾಗುತ್ತಿದೆ. ಮುಂಬದಿಯಲ್ಲಿ ಕೈಬರಹದ ಚೀಟಿ, ಅದರ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಬರೆದ ದಾಖಲೆ ಸಂಖ್ಯೆ.

ಪೆಟ್ಟಿಗೆಯನ್ನು ಹೊಸದರಂತೆ ಹೊಳೆಸುವುದು ಇಲ್ಲಿ ಗುರಿಯಲ್ಲ. ಕಲ್ಲು ಎಲ್ಲಿಂದ ಬಂತು, ಯಾವ ಕ್ರಮದಲ್ಲಿ ಬಂತು ಅನ್ನುವ ಸಾಕ್ಷ್ಯ ಎಷ್ಟೋ ಸಲ ಪೆಟ್ಟಿಗೆಯ ಮೈಮೇಲೆ ಮಾತ್ರ ಉಳಿದಿರುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿಯ ಗುಡ್ಡಗಳಲ್ಲೂ ದಕ್ಷಿಣ ಭಾರತದ ಇತರ ಕಡೆಗಳಲ್ಲೂ ಕೂಡಿಸಿದ ಕಲ್ಲಿನ ಆಯುಧಗಳನ್ನು ಮದ್ರಾಸಿನ ಸರ್ಕಾರಿ ಸಂಗ್ರಹಾಲಯ 1904ರಲ್ಲಿ ಕೊಂಡಿತು. ಫೂಟ್ ತೀರಿಕೊಂಡದ್ದು 1912ರಲ್ಲಿ. ಕೂಡಿಸಿದವರನ್ನು ಕೇಳಲಾಗದ ದಿನ ಬಂದಾಗ ಒಂದು ಕಲ್ಲು ಯಾವ ಊರಿನದು ಎಂದು ಹೇಳಲು ಉಳಿಯುವುದು ಅಂಕಿ, ಚೀಟಿ, ಪಟ್ಟಿ ಇಷ್ಟೇ. ಒಂದು ಸುತ್ತು ಮರಳು ಕಾಗದ ಹೊಡೆದರೆ ಅದರಲ್ಲಿ ಅರ್ಧ ಹೋಗುತ್ತದೆ.

ಮೊದಲು ದೂಳು

ಮರ ಮುಟ್ಟುವ ಮುಂಚೆ ದೂಳಿನ ವಿಚಾರ ಮುಗಿಸಿಕೊಳ್ಳಬೇಕು. ಪ್ರಾಣಿ, ಹಕ್ಕಿ, ಸಸ್ಯಗಳ ಸಂಗ್ರಹದಿಂದ ಬಂದ ಪೆಟ್ಟಿಗೆಯಾದರೆ ಆರ್ಸೆನಿಕ್ ಮತ್ತು ಮರ್ಕ್ಯುರಿಕ್ ಕ್ಲೋರೈಡ್ ಇರಬಹುದೆಂದು ಹಿಡಿದೇ ಕೈ ಹಾಕಬೇಕು. ಹಕ್ಕಿಯ ಚರ್ಮಕ್ಕೆ ಆರ್ಸೆನಿಕ್ ಸೋಪು ಹಚ್ಚುವ ಪದ್ಧತಿ 18ನೇ ಶತಮಾನದ್ದು, 20ನೇ ಶತಮಾನದೊಳಕ್ಕೂ ನಡೆದುಬಂತು. ಆರ್ಸೆನಿಕ್‌ಗೆ ವಾಸನೆಯಿಲ್ಲ, ಮೂಗಿನಿಂದ ಪತ್ತೆಯಾಗುವುದಿಲ್ಲ. ನುಸಿಗುಳಿಗೆಯ ವಾಸನೆ ಬಂದರೆ ನ್ಯಾಫ್ತಲೀನ್ ಇದೆ ಎಂದು ತಿಳಿಯುತ್ತದೆ, ಬೇರೇನೂ ಇಲ್ಲವೆಂದಲ್ಲ.

ಕಲ್ಲಿನ ಪೆಟ್ಟಿಗೆಯ ಅಪಾಯ ಬೇರೆ ಬಗೆಯದು. ಸೀಸದ ಅದಿರು, ಪಾದರಸದ ಅದಿರು, ಯುರೇನಿಯಂ ಅಥವಾ ಥೋರಿಯಂ ಇರುವ ಖನಿಜ, ಆಸ್ಬೆಸ್ಟಾಸ್. ಕರ್ನಾಟಕದ ಸಂಗ್ರಹಗಳಲ್ಲಿ ಈ ಕೊನೆಯದನ್ನು ಮರೆಯಬಾರದು: ಹೊಳೆನರಸೀಪುರದ ಸುತ್ತಿನ ಶಿಲಾಪಟ್ಟಿಯಲ್ಲಿ ಆಸ್ಬೆಸ್ಟಾಸ್ ಸಿಗುತ್ತದೆ, ಅದರ ಮಾದರಿ ಹಳೆ ಸಂಗ್ರಹಗಳಲ್ಲಿ ಇರುವ ಸಂಭವ ಹೆಚ್ಚು. ಬೆಳ್ಳಗೆ, ನಾರುನಾರಾಗಿ, ಹತ್ತಿಯ ಎಳೆಯಂತೆ ಕಂಡದ್ದನ್ನು ಬೆರಳಲ್ಲಿ ಹಿಂಡಿ ನೋಡಬಾರದು.

ಇಲ್ಲಿ ಮಾಡಿದ್ದು: ಮೊದಲು ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿದು ಒಳಮೈ ಎಲ್ಲ ನಿಧಾನವಾಗಿ ಸುತ್ತಿಸಿ, ಕೋಣೆಯ ಸಾಮಾನ್ಯ ಎಣಿಕೆಗಿಂತ ಏರಿಲ್ಲವೆಂದು ಖಾತ್ರಿ ಮಾಡಿಕೊಂಡದ್ದು. ಬಿಳಿ ಬಣ್ಣದ ಸಂಖ್ಯೆ ಹಳೆಯದು, ಸೀಸದ ಬಣ್ಣವೆಂದೇ ಲೆಕ್ಕ ಹಿಡಿದದ್ದು. ಪಿ100 ಫಿಲ್ಟರಿನ ಅರ್ಧಮುಖ ಮಾಸ್ಕ್, ನೈಟ್ರೈಲ್ ಕೈಗವಸು, ಕೆಲಸ ಮುಗಿದ ಮೇಲೆ ಬೇರೆಯಾಗಿ ಒಗೆಯುವ ಬಟ್ಟೆ. ದೂಳೆಳೆಯಲು ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಮಾತ್ರ. ಮನೆಯ ಸಾದಾ ವ್ಯಾಕ್ಯೂಮ್ ದೊಡ್ಡ ಕಸ ಹಿಡಿದು, ಶ್ವಾಸಕೋಶಕ್ಕೆ ಇಳಿಯುವ ಸಣ್ಣ ದೂಳನ್ನು ಹಿಂದಿನಿಂದ ಕೋಣೆಗೇ ಊದುತ್ತದೆ. ಕೊಳವೆಯ ಬಾಯಿಗೆ ನೈಲಾನ್ ಬಲೆ ಕಟ್ಟಿ, ಮೆತ್ತನೆಯ ಬ್ರಷ್‌ನಿಂದ ದೂಳನ್ನು ಅದರತ್ತ ತಳ್ಳುವುದು. ಚೀಟಿಯ ಚೂರು ಎದ್ದು ಹೋದರೂ ಬಲೆಯಲ್ಲಿ ನಿಲ್ಲುತ್ತದೆ.

ಕಪ್ಪು ಮೂಲೆಯಲ್ಲಿ ಹಳದಿ ಮಿಶ್ರಿತ ಬಿಳಿ ಪುಡಿ ಸಿಕ್ಕಿತು. ಒಂದು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಪಿಎಚ್ ಪಟ್ಟಿ ತಾಕಿಸಿದರೆ 2ರ ಆಸುಪಾಸು, ಅಂದರೆ ಕಟುವಾದ ಆಮ್ಲ. ಅಲ್ಲಿಗೆ ವಿಷಯ ತಿಳಿಯಿತು: ಆ ಮೂಲೆಯಲ್ಲಿ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ ಇತ್ತು. ಗಾಳಿಯ ತೇವಾಂಶ ಶೇ. 60 ದಾಟಿದ ಜಾಗದಲ್ಲಿ ಪೈರೈಟ್ ನಿಧಾನವಾಗಿ ಆಕ್ಸಿಡೀಕರಣಗೊಂಡು ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಆಗುತ್ತದೆ. ಕಲ್ಲು ಒಳಗಿನಿಂದ ಉಬ್ಬಿ ಒಡೆಯುತ್ತದೆ. ಆಮ್ಲ ಮೊದಲು ಅದರ ಚೀಟಿಯನ್ನು, ಆಮೇಲೆ ಕೆಳಗಿನ ಮರವನ್ನು ತಿನ್ನುತ್ತದೆ. 70 × 40 ಮಿ.ಮೀ. ಜಾಗದಲ್ಲಿ ಮರ 3 ಮಿ.ಮೀ. ಆಳದ ತನಕ ಬೆಂದಿದೆ. ಅಡುಗೆ ಸೋಡಾ ನೀರು ಹಚ್ಚಿ ಆಮ್ಲ ಕೊಲ್ಲುವ ಯೋಚನೆ ಸಹಜವಾಗಿ ಬರುತ್ತದೆ, ಮಾಡಬಾರದು. ನೀರು ಆಮ್ಲವನ್ನು ಇನ್ನೂ ಒಳಕ್ಕೆ ಒಯ್ಯುತ್ತದೆ, ಉಳಿದ ಉಪ್ಪು ಮುಂದಿನ ಮಳೆಗಾಲದಲ್ಲಿ ತೇವ ಹೀರುತ್ತದೆ. ಪುಡಿ ಎಳೆದು ತೆಗೆದು ಹಾಗೇ ಬಿಟ್ಟಿದ್ದೇವೆ. ಅಲ್ಲಿ ಏನಿತ್ತೆಂಬುದಕ್ಕೆ ಈಗ ಉಳಿದಿರುವ ಸಾಕ್ಷಿಯೂ ಆ ಕಲೆಯೇ.

ಹುಳು ಬದುಕಿದೆಯೋ ಇಲ್ಲವೋ

ತೂತು ಕಂಡ ಕೂಡಲೇ ಔಷಧಿ ಸುರಿಯುವುದು ನಮ್ಮಲ್ಲಿ ರೂಢಿ. ಮೊದಲು ಪುಡಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾಗಿದ್ದರೆ ಅದು ಲಿಕ್ಟಸ್ ಜಾತಿಯ ಕುಟ್ಟೆಹುಳು. ಬೆರಳಿಗೆ ತರಿತರಿ ಸಿಕ್ಕರೆ ಬೇರೆ ಜಾತಿಯದು. ಗಸಗಸೆಯಂಥ, ಆರು ಪಟ್ಟಿಯ ಗಟ್ಟಿ ಕಾಳು ಬಿದ್ದಿದ್ದರೆ ಒಣಮರದ ಗೆದ್ದಲು. ಮಣ್ಣಿನ ಕೊಳವೆ ಇದ್ದರೆ ನೆಲದ ಗೆದ್ದಲು. ಆಗ ಪೆಟ್ಟಿಗೆಗಿಂತ ಮೊದಲು ಕೋಣೆಗೆ ಚಿಕಿತ್ಸೆ ಬೇಕು.

ಇಲ್ಲಿ ನುಣುಪು ಪುಡಿ, 1ರಿಂದ 1.5 ಮಿ.ಮೀ. ತೂತು. ಮುಚ್ಚಳದ ಅಂಚಿನಲ್ಲಿ 22 ಮಿ.ಮೀ. ಅಗಲದ ಬೆಳ್ಳನೆಯ ಹೊರಮರದ ಪಟ್ಟಿ ಮಾತ್ರ ತಿಂದುಹೋಗಿದೆ, ತೇಗದ ಚೇಗಿಗೆ ಬಾಯಿ ಹಾಕಿಲ್ಲ. ಲಿಕ್ಟಸ್‌ಗೆ ಪಿಷ್ಟ ಬೇಕು, ಅದು ಹೊರಮರದಲ್ಲಿ ಮಾತ್ರ ಸಿಗುತ್ತದೆ. ಸೂಚಿಪರ್ಣಿ ಮೆದುಮರವನ್ನು ಅದು ಮುಟ್ಟುವುದೇ ಇಲ್ಲ. ತಳ ಉಳಿದದ್ದು ಹಾಗೆ.

ಪೆಟ್ಟಿಗೆಯನ್ನು ಕಪ್ಪು ಹಾಳೆಯ ಮೇಲಿಟ್ಟು, ಹಳೆ ಪುಡಿ ಪೂರ್ತಿ ತೆಗೆದು, 14 ದಿನ ಅಲುಗಿಸದೆ ಬಿಟ್ಟಾಗ 9ನೇ ದಿನ ಎರಡು ಸಣ್ಣ ಗುಪ್ಪೆ ಬಿತ್ತು. ಪೆಟ್ಟಿಗೆ ಅಲುಗಿದರೂ ಹಳೆ ಪುಡಿ ಉದುರುತ್ತದೆ, ಹಾಗಾಗಿ ಗುಪ್ಪೆ ಕಂಡದ್ದೇ ಪುರಾವೆಯಲ್ಲ. ಗುರುತು ಹಾಕಿ ಮತ್ತೆ ಒರೆಸಿಟ್ಟೆವು. ಅದೇ ತೂತಿನ ಕೆಳಗೆ ಮತ್ತೆ ಬಿತ್ತು. ಹುಳು ಬದುಕಿದೆ.

ಎರಡು ದಾರಿ ಇವೆ. ಚೆಸ್ಟ್ ಫ್ರೀಜರ್ ಇದ್ದರೆ ಪಾಲಿಥೀನ್‌ನಲ್ಲಿ ಗಾಳಿಯಾಡದಂತೆ ಸುತ್ತಿ −20 °ಸೆ.ನಲ್ಲಿ 2 ವಾರ. ಹೊರತೆಗೆದ ಮೇಲೂ ಒಂದು ದಿನ ಸುತ್ತಿದ್ದನ್ನು ಬಿಚ್ಚಬಾರದು, ಬಿಚ್ಚಿದರೆ ಮರದ ಮೇಲೇ ನೀರು ಕೂರುತ್ತದೆ. ಈ ಮುಚ್ಚಳದ ಹಳೆ ಪಾಲಿಶ್ ಬಿರುಕು ಬಿಟ್ಟು ಚಕ್ಕೆ ಏಳುವ ಹಾಗಿದ್ದುದರಿಂದ ಎರಡನೆಯ ದಾರಿ ಹಿಡಿದದ್ದು: ಚೀಲದೊಳಗೆ ಮುಚ್ಚಿ, ಆಮ್ಲಜನಕ ತೆಗೆದು ಹುಳುವನ್ನು ಉಸಿರುಗಟ್ಟಿಸುವುದು.

ಲೆಕ್ಕ ಹೀಗೆ. ಪೆಟ್ಟಿಗೆಯ ಗಾತ್ರ ಸುಮಾರು 75 ಲೀಟರ್, ಸುತ್ತಲಿನ ಸಡಿಲ ಸೇರಿ ಚೀಲ 100 ಲೀಟರ್. ಗಾಳಿಯ ಶೇ. 21 ಆಮ್ಲಜನಕ, ಅಂದರೆ 21 ಲೀಟರ್. ಒಂದೊಂದು ಪೊಟ್ಟಣ 300 ಮಿ.ಲೀ. ಆಮ್ಲಜನಕ ಹೀರುವಂಥದ್ದು ತಂದರೆ 70 ಬೇಕು. ಸೋರಿಕೆಗೆ ಕಾಲು ಪಾಲು ಸೇರಿಸಿ 88 ಹಾಕಿದ್ದೇವೆ. ಚೀಲ ಅಲ್ಯೂಮಿನಿಯಂ ಪದರದ ಲ್ಯಾಮಿನೇಟ್ ಹಾಳೆಯದೇ ಆಗಬೇಕು. ಸಾದಾ ಪಾಲಿಥೀನ್ ಕಣ್ಣಿಗೆ ಗಟ್ಟಿ, ಆದರೆ ಆಮ್ಲಜನಕ ಅದರ ಮೂಲಕವೇ ಒಳಗೆ ಬರುತ್ತದೆ. ಎಷ್ಟು ಪೊಟ್ಟಣ ಹಾಕಿದರೂ ಸಾಲದು. ಪೊಟ್ಟಣದೊಳಗಿನ ಕಬ್ಬಿಣದ ಪುಡಿ ಕೆಲಸ ಮಾಡುವಾಗ ಬಿಸಿಯಾಗುತ್ತದೆ, ಮರಕ್ಕಾಗಲಿ ಚೀಟಿಗಾಗಲಿ ತಾಗಿಸಿ ಇಡಬಾರದು. ಆಮ್ಲಜನಕದ ಮೀಟರ್ ಶೇ. 0.3ಕ್ಕಿಂತ ಕೆಳಗೆ ಬಂದ ದಿನದಿಂದ ಎಣಿಸಿ 21 ದಿನ, 25 °ಸೆ.ಗೆ ಕಡಿಮೆಯಾಗದ ಕೋಣೆಯಲ್ಲಿ. ಚಳಿಯಲ್ಲಿ ಹುಳು ಉಸಿರಾಡುವುದೇ ಕಡಿಮೆ, ಸಾಯುವುದು ತಡ.

ಸೀಮೆಎಣ್ಣೆಯಲ್ಲಿ ಕಲಸಿದ ಗೆದ್ದಲೆಣ್ಣೆ ಬಳಿಯಲಿಲ್ಲ. ಅದರ ಆವಿ ವರ್ಷಗಟ್ಟಲೆ ಮರದಿಂದ ಏಳುತ್ತಿರುತ್ತದೆ, ಒಳಗಿಟ್ಟ ವಸ್ತುವಿಗೂ ಚೀಟಿಗೂ ತಗಲುತ್ತದೆ. ಮುಂದೆ ಏನೇ ಅಂಟು ಹಚ್ಚಿದರೂ ಹಿಡಿಯುವುದಿಲ್ಲ.

ತೊಳೆಯುವ ಮಾತು ಚುಟುಕು

ಒಣ ರಬ್ಬರ್ ಸ್ಪಂಜಿನಲ್ಲಿ ಮಸಿ ಎತ್ತಿದ ಮೇಲೆ ಹೊರಮೈಗೆ ಮಿನರಲ್ ಟರ್ಪೆಂಟೈನ್ ಅದ್ದಿದ ಹತ್ತಿ ಕಡ್ಡಿ. ಹಳೆ ಲೇಪ ಸ್ಪಿರಿಟ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಅದಕ್ಕೆ ನೀರು ತಾಗಿದರೆ ಬೆಳ್ಳಗಾಗುತ್ತದೆ, ಸ್ಪಿರಿಟ್ ತಾಗಿದರೆ ಕರಗಿಯೇ ಹೋಗುತ್ತದೆ. ಟರ್ಪೆಂಟೈನ್‌ಗೆ ಮಾತ್ರ ಜಗ್ಗುವುದಿಲ್ಲ. ಮುಚ್ಚಳದ ಒಳ ಅಂಚಿನಲ್ಲಿ 1 ಸೆಂ.ಮೀ. ಜಾಗದಲ್ಲಿ ಪರೀಕ್ಷಿಸಿಯೇ ಮುಂದಕ್ಕೆ ಹೋದದ್ದು. ಬಿಳಿ ಸಂಖ್ಯೆಯ ಸುತ್ತ 20 ಮಿ.ಮೀ. ಬಿಟ್ಟು ನಿಲ್ಲಿಸಿದೆವು.

ಮೂಲೆಗಳು

ಹಳೆ ಅಂಟು ಪ್ರಾಣಿಯ ತೊಗಲು ಎಲುಬಿನಿಂದ ಮಾಡಿದ್ದು, ಬಡಗಿಗಳ ಮಾತಿನಲ್ಲಿ ವಜ್ರ. ಒಂದು ಹನಿ ಬಿಸಿನೀರು ಬಿಟ್ಟು ಎರಡು ನಿಮಿಷಕ್ಕೆ ಬೆರಳಿಗೆ ಅಂಟಂಟಾದರೆ ಅದು ವಜ್ರವೇ. ಗಟ್ಟಿಯಿದ್ದ ನಾಲ್ಕನೆಯ ಮೂಲೆಯನ್ನು ಬಿಚ್ಚಲಿಲ್ಲ. ಎಲ್ಲ ಬಿಚ್ಚಿ ಒಂದೇ ಸಲ ಕೂಡಿಸೋಣ ಅನ್ನಿಸುವುದು ಸಹಜ. ಗಟ್ಟಿ ಮೂಲೆಯನ್ನು ಕೊಡತಿಯಿಂದ ಹೊಡೆದು ಬಿಡಿಸಿದರೆ ಮೊದಲು ಮುರಿಯುವುದು ಡವ್‌ಟೇಲಿನ ಅರ್ಧಹಲ್ಲು.

ಬಿಚ್ಚಿದ ಹಲ್ಲುಗಳಿಂದ ಹಳೆ ವಜ್ರವನ್ನು ಪೂರ್ತಿ ಕೆರೆಯಬೇಕಾಗಿಲ್ಲ. ಪುಡಿಯಾದದ್ದು, ಕೊಳಕಾದದ್ದು ಮಾತ್ರ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಸ ವಜ್ರ ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ, ಈ ಅಂಟಿನ ದೊಡ್ಡ ಗುಣ ಅದು. ಅಂಗಡಿಯ ಬಿಳಿ ಅಂಟು ಇಲ್ಲಿ ಬೇಡವೆನ್ನಲು ಕಾರಣ ಎರಡು. ಮರದ ರಂಧ್ರದೊಳಗೆ ಕೂತರೆ ಮತ್ತೆ ಬಿಡುವುದಿಲ್ಲ, ಅದರ ಮೇಲೆ ಬೇರೆ ಅಂಟೂ ಹಿಡಿಯುವುದಿಲ್ಲ. ಎರಡನೆಯದು, ಅದು ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಶತ್ರು.

ಅಳತೆ: 50 ಗ್ರಾಂ ವಜ್ರದ ಕಾಳು, 100 ಮಿ.ಲೀ. ತಣ್ಣೀರು, ರಾತ್ರಿಯಿಡೀ ನೆನೆ. ಬೆಳಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 °ಸೆ. ತನಕ ಕಾಯಿಸುವುದು. 70 ದಾಟಿದರೆ ಬಲ ಕುಗ್ಗುತ್ತದೆ, ಕುದಿಸಿದರೆ ಕೆಟ್ಟಿತು. ಬ್ರಷ್ ಎತ್ತಿದಾಗ ಜೇನಿನಂತೆ ಕಡಿಯದೆ ಇಳಿಯಬೇಕು.

ಮೊದಲ ಮೂಲೆ ಚೆನ್ನಾಗಿ ಕೂತಿತು. ಎರಡನೆಯದು ಕೆಟ್ಟಿತು: ಡಿಸೆಂಬರಿನ ಬೆಳಗ್ಗೆ, ಮರ ತಣ್ಣಗಿತ್ತು, ಐದು ಹಲ್ಲಿಗೂ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲ ಹಲ್ಲಿನ ಮೇಲಿನ ವಜ್ರ ಬೆಣ್ಣೆಯಂತೆ ಹೆಪ್ಪುಗಟ್ಟಿತ್ತು. ಒತ್ತಿದರೆ 2 ಮಿ.ಮೀ. ಹೊರಗೇ ನಿಂತಿತು. ಬಿಸಿನೀರಿನಲ್ಲಿ ಒರೆಸಿ, ಒಂದು ದಿನ ಒಣಗಿಸಿ, ಮತ್ತೆ ಹಚ್ಚಿದ್ದು. ಎರಡನೆಯ ಸಲ ಹೇರ್ ಡ್ರೈಯರ್‌ನಿಂದ ಎರಡೂ ಬದಿಯ ಮರವನ್ನು ಕೈಗೆ ಬೆಚ್ಚಗಾಗುವ ತನಕ ಕಾಯಿಸಿ, ವಜ್ರಕ್ಕೆ ಕಾಳಿನ ತೂಕದ ಶೇ. 5ರಷ್ಟು ಯೂರಿಯಾ ಸೇರಿಸಿದೆವು. ಯೂರಿಯಾ ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ. ಹೆಚ್ಚಾದರೆ ಅಂಟು ಮಳೆಗಾಲದಲ್ಲಿ ಮೆದುವಾಗುತ್ತದೆ, 10 ದಾಟಿಸಬೇಡಿ.

ಕ್ಲಾಂಪ್ ಬಿಗಿದ ಕೂಡಲೇ ಎರಡೂ ಕರ್ಣ ಸಮವೇ ಎಂದು ಅಳೆಯಬೇಕು. ಮೊದಲು 5 ಮಿ.ಮೀ. ವ್ಯತ್ಯಾಸ ಬಂತು; ಉದ್ದದ ಕರ್ಣಕ್ಕೆ ಇನ್ನೊಂದು ಕ್ಲಾಂಪ್ ಹಾಕಿ 1ಕ್ಕೆ ಇಳಿಸಿ, 24 ಗಂಟೆ ಬಿಟ್ಟದ್ದು.

ತಳ ಮತ್ತು ಮೊಳೆ

ಒಟ್ಟು 26 ಕಬ್ಬಿಣದ ಮೊಳೆ. ತೇಗದ ಅಂಚಿನಲ್ಲಿ ಪ್ರತಿ ಮೊಳೆಯ ಸುತ್ತ ಕಪ್ಪು ಉಂಗುರ, ಅದು ಕಬ್ಬಿಣ ಮರದ ಟ್ಯಾನಿನ್ ಜೊತೆ ಸೇರಿ ಆದ ಬಣ್ಣ. ಮೆದುಮರದಲ್ಲಿ ಮೊಳೆಯ ಸುತ್ತ ಮರವೇ ಸತ್ತು ಹೊಟ್ಟಿನಂತಾಗಿದೆ, ಅದಕ್ಕೇ ಹಿಡಿತ ಹೋದದ್ದು. ತುಕ್ಕು ಉಬ್ಬುವುದರಿಂದ ಹಲಗೆ ಸೀಳುತ್ತದೆ. ಎರಡು ಕಡೆ ಸೀಳಿತ್ತು.

ಮೀಟುಗೋಲು ಹಾಕಿ ಎಬ್ಬಿದರೆ ಸೀಳು ಉದ್ದವಾಗುತ್ತದೆ. ಸೋಲ್ಡರಿಂಗ್ ಐರನ್‌ನ ತುದಿಯನ್ನು ಮೊಳೆಯ ತಲೆಗೆ ಒಂದು ನಿಮಿಷ ಒತ್ತಿ ಹಿಡಿದು, ತಣಿದ ಮೇಲೆ ಇಕ್ಕಳದಲ್ಲಿ ಎಡಬಲ ತುಸು ತಿರುವಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಹೀಗೆ 11 ಮೊಳೆ ಇಡಿಯಾಗಿ ಬಂದವು. 9ನ್ನು ಹಲಗೆ ಮತ್ತು ಗೋಡೆಯ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಕತ್ತರಿಸಿದ್ದು. 6 ಗಟ್ಟಿಯಾಗಿಯೇ ಇದ್ದವು, ಸಡಿಲ ತುಕ್ಕು ಕೆರೆದು, ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನ್‌ನಲ್ಲಿ ಶೇ. 15ಕ್ಕೆ ಕರಗಿಸಿ ಹಚ್ಚಿ ಅಲ್ಲೇ ಬಿಟ್ಟಿದ್ದೇವೆ. ಹಾಳಾದ ತೂತುಗಳಿಗೆ ಅದೇ ಜಾತಿಯ ಮರದ ಗೂಟ, ವಜ್ರ ಹಚ್ಚಿ. ಹೊಸ ಹಿಡಿತಕ್ಕೆ ಗೂಟದ ನಡುವೆ ಸ್ಟೇನ್‌ಲೆಸ್ ಸ್ಕ್ರೂ, ಮೊದಲೇ ಸಣ್ಣ ತೂತು ಕೊರೆದು.

ಹಲಗೆಗಳ ನಡುವೆ 4 ಮಿ.ಮೀ. ಸಂದು ಇತ್ತು. ಬಣ್ಣ ಕಲಸಿದ ಪುಟ್ಟಿ ತುಂಬಿದರೆ ಬೇಸಿಗೆಯಲ್ಲಿ ಚೆಂದ ಕಾಣುತ್ತದೆ. ಮಳೆಗಾಲದಲ್ಲಿ ಹಲಗೆ ಹಿಗ್ಗಲು ಜಾಗ ಸಿಗದೆ ಗೋಡೆಯನ್ನೇ ಹೊರಕ್ಕೆ ತಳ್ಳುತ್ತದೆ, ಈಗ ತಾನೇ ಕೂಡಿಸಿದ ಮೂಲೆ ಮತ್ತೆ ಬಾಯಿ ಬಿಡುತ್ತದೆ. ಸಂದಿನ ಕೆಳಗೆ 25 × 6 ಮಿ.ಮೀ. ಪಟ್ಟಿ ಕೊಟ್ಟು, ಒಂದು ಪಕ್ಕದ ಹಲಗೆಗೆ ಮಾತ್ರ ಸ್ಕ್ರೂ ಹಾಕಿದ್ದೇವೆ. ಇನ್ನೊಂದು ಹಲಗೆ ಅದರ ಮೇಲೆ ಜಾರಿಕೊಂಡಿರಲಿ.

ತಿಂದುಹೋದ ಅಂಚು

ಮುಚ್ಚಳದ ಪಟ್ಟಿ ಒತ್ತಿದರೆ ಬಿಸ್ಕತ್ತಿನಂತೆ ಕುಸಿಯುತ್ತಿತ್ತು. ಬಿ-72 ದ್ರಾವಣವನ್ನು ಸಿರಿಂಜಿನಲ್ಲಿ ತೂತುಗಳಿಗೆ ಇಳಿಸಿದ್ದು: ಮೊದಲು ಶೇ. 5, ಆಮೇಲೆ 10, ಕೊನೆಗೆ 15. ಮೊದಲೇ ಮಂದ ದ್ರಾವಣ ಹಾಕಿದರೆ ಬಾಯಲ್ಲೇ ಕಟ್ಟಿಕೊಂಡು ಒಳಗೆ ಟೊಳ್ಳು ಉಳಿಯುತ್ತದೆ. ಅಸಿಟೋನ್ ಬೇಗ ಆರಿ ರಾಳವನ್ನು ಮೇಲಕ್ಕೆ ಎಳೆದುಕೊಂಡು ಬರುತ್ತದೆ, ಅದಕ್ಕೆ ಪ್ರತಿ ಸಲವೂ ಪಾಲಿಥೀನ್ ಹೊದಿಸಿ ಎರಡು ದಿನ ನಿಧಾನವಾಗಿ ಆರಲು ಬಿಡಬೇಕು. ಕೋಣೆಯಲ್ಲಿ ಕಿಟಕಿ ತೆರೆದಿರಲಿ, ಬೆಂಕಿ ಇರದಿರಲಿ.

ಬಿ-72 ಮೆದುವಾಗಲು ತೊಡಗುವುದು 40 °ಸೆ. ಸುಮಾರಿಗೆ. ಯುರೋಪಿನ ಕೈಪಿಡಿಗಳಿಗೆ ಇದು ದೊಡ್ಡ ವಿಷಯವಲ್ಲ, ಬೆಂಗಳೂರಿಗೂ ಅಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ಉಗ್ರಾಣದಲ್ಲಿ ಅದು ಅಂಟಂಟಾಗಿ ದೂಳು ಹಿಡಿಯುತ್ತದೆ. ಅಂಥ ಕಡೆ ಬಿ-67 ಒಳ್ಳೆಯದು, ಅದರ ಮಿತಿ 50ರ ಹತ್ತಿರ.

ಪೂರ್ತಿ ಉದುರಿದ್ದ 90 ಮಿ.ಮೀ. ಉದ್ದಕ್ಕೆ ಮಾತ್ರ ಹಳೆ ತೇಗದ ತುಂಡು, ಎರಡು ತುದಿ ಓರೆ ಸೀಳಿ, ಎಳೆಯ ದಿಕ್ಕು ಹೊಂದಿಸಿ, ವಜ್ರದಲ್ಲಿ. ಹೊಸ ತುಂಡಿನ ತೇವಾಂಶ ಮುಚ್ಚಳದ ಮರಕ್ಕೆ ಶೇ. 2ರೊಳಗೆ ಹೊಂದಬೇಕು, ಮೀಟರ್ 11 ಮತ್ತು 12 ತೋರಿಸಿತು. ತುಂಡಿನ ಒಳಮೈಯಲ್ಲಿ ಪೆನ್ಸಿಲಿನಿಂದ ವರ್ಷ ಬರೆದಿದೆ.

ಚೀಟಿ

ಎದ್ದ ಮೂಲೆಯನ್ನು ಶೇ. 4ರ ಮೀಥೈಲ್ ಸೆಲ್ಯುಲೋಸ್‌ನಿಂದ ಕೂರಿಸಿದ್ದು, ಮೇಲೆ ಬ್ಲಾಟಿಂಗ್ ಪೇಪರ್, ಅರ್ಧ ಕಿಲೋ ಭಾರ, ಒಂದು ರಾತ್ರಿ. ಶಾಯಿ ಕಬ್ಬಿಣದ್ದು, ಕಂದುಬಣ್ಣಕ್ಕೆ ತಿರುಗಿದೆ. ಅಕ್ಷರದ ಮೇಲೆ ತೇವ ತಾಗಿದರೆ ಹರಡುತ್ತದೆ, ಆದ್ದರಿಂದ ಅಂಟು ಮೂಲೆಯ ಹಿಂಬದಿಗೆ ಮಾತ್ರ. ಮೈದಾ ಗೋಂದು ಬೇಡ, ಜಿರಳೆ ಮತ್ತು ಬೆಳ್ಳಿಮೀನು ಹುಳು ಹುಡುಕಿಕೊಂಡು ಬರುತ್ತವೆ. ಪಾರದರ್ಶಕ ಟೇಪಂತೂ ಎಂದಿಗೂ ಬೇಡ.

ಒಳಗೆ ಮತ್ತೆ ಏನಾದರೂ ಇಡುವುದಾದರೆ

ಮರ ಉಸಿರಾಡುತ್ತದೆ ಎನ್ನುವುದು ಬರೀ ಮಾತಲ್ಲ. ಅದು ಬಿಡುವುದು ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿ. ಓಕ್ ಬಹಳ ಕೆಟ್ಟದ್ದು, ಉಳಿದವು ಹೆಚ್ಚು ಕಡಿಮೆ. ಕಪ್ಪೆಚಿಪ್ಪು, ಶಂಖ ಇಟ್ಟ ಮರದ ಖಾನೆಗಳಲ್ಲಿ ಚಿಪ್ಪಿನ ಮೇಲೆ ಬಿಳಿ ಹರಳು ಬೆಳೆಯುವುದನ್ನು ಇಂಗ್ಲೆಂಡಿನ ಚಿಪ್ಪುತಜ್ಞ ಬೈನ್ 1899ರಲ್ಲಿ ವಿವರಿಸಿದರು. ಕಾರಣ ಬ್ಯುಟಿರಿಕ್ ಆಮ್ಲವೆಂದು ಅವರು ತಪ್ಪು ತಿಳಿದಿದ್ದರೂ ಆ ರೋಗಕ್ಕೆ ಅವರದೇ ಹೆಸರು ಉಳಿದಿದೆ. ಚಿಪ್ಪು, ಸುಣ್ಣದ ಪಳೆಯುಳಿಕೆ, ಸೀಸ, ಇವು ಮೂರನ್ನು ಬರಿಮರಕ್ಕೆ ಒಪ್ಪಿಸಬಾರದು.

ತಳದ ಮರದ 2 ಗ್ರಾಂ ಸಿಪ್ಪೆಯನ್ನು ಸೀಸ, ತಾಮ್ರ, ಬೆಳ್ಳಿಯ ತುಣುಕುಗಳ ಜೊತೆ, ಅರ್ಧ ಮಿ.ಲೀ. ನೀರು ಹಾಕಿ ಗಾಜಿನ ಕೊಳವೆಯಲ್ಲಿ ಮುಚ್ಚಿ 60 °ಸೆ.ನಲ್ಲಿ 28 ದಿನ ಇಟ್ಟದ್ದು. ವಸ್ತುವಿನ ಆವಿ ಲೋಹವನ್ನು ಕೆಡಿಸುತ್ತದೆಯೇ ಎಂದು ನೋಡಲು ಬ್ರಿಟಿಷ್ ಮ್ಯೂಸಿಯಮ್‌ನಲ್ಲಿ 1973ರಲ್ಲಿ ರೂಪಿಸಿದ ಓಡಿ ಪರೀಕ್ಷೆ ಇದು. ಬೆಳ್ಳಿ ಹಾಗೇ ಇತ್ತು, ತಾಮ್ರ ತುಸು ಮಂಕು, ಸೀಸದ ಮೇಲೆ ಉಗುರಿನಿಂದ ಕೆರೆಯುವಷ್ಟು ಬಿಳಿ ಪದರ. ಮರವೇ ಪರೀಕ್ಷೆಯಲ್ಲಿ ಸೋತ ಮೇಲೆ ಗ್ಯಾಲನ್‌ಗಟ್ಟಲೆ ವಾರ್ನಿಷ್ ಬಳಿದರೂ ಆವಿ ನಿಲ್ಲುವುದಿಲ್ಲ, ವಾರ್ನಿಷಿನದೂ ಸೇರಿಕೊಳ್ಳುತ್ತದೆ.

ಹಾಗಾಗಿ ಒಳಗೊಂದು ಬೇರೆ ತೊಟ್ಟಿ: ಅಲ್ಯೂಮಿನಿಯಂ ಲ್ಯಾಮಿನೇಟ್ ಹಾಳೆಯನ್ನು ಮಡಿಸಿ, ಅಂಚನ್ನು ಇಸ್ತ್ರಿಪೆಟ್ಟಿಗೆಯ ಶಾಖದಲ್ಲಿ ಕೂಡಿಸಿ, ಮರಕ್ಕೆ ಅಂಟಿಸದೆ ಸುಮ್ಮನೆ ಕೂರಿಸಿದ್ದು. ಬೆಂದ ಮೂಲೆಯೂ ಇದರಿಂದ ಮರೆಯಾಯಿತು, ಬೇಕಾದಾಗ ಎತ್ತಿ ನೋಡಬಹುದು. ಅದರೊಳಗೆ 25 ಮಿ.ಮೀ. ಪಾಲಿಥಿಲೀನ್ ಫೋಮ್, ಪ್ರತಿ ಕಲ್ಲಿನ ಆಕಾರಕ್ಕೆ ಕೊರೆದು. ಪಿವಿಸಿ ರೆಕ್ಸಿನ್, ಉಣ್ಣೆಯ ಬಟ್ಟೆ, ಪ್ಲೈವುಡ್ ವಿಭಾಜಕ ಯಾವುದೂ ಬೇಡ. ಪೈರೈಟ್ ಇದರಲ್ಲಿ ಮತ್ತೆ ಬೇಡವೇ ಬೇಡ. ಅದಕ್ಕೆ ಸಿಲಿಕಾ ಜೆಲ್ ಹಾಕಿದ ಪ್ರತ್ಯೇಕ ಗಾಳಿಬಿಗಿ ಡಬ್ಬಿ.

ಕಬ್ಬಿಣದ ಹಿಡಿಗಳಿಗೆ ಮೈಕ್ರೋಕ್ರಿಸ್ಟಲಿನ್ ಮೇಣ ತೆಳ್ಳಗೆ, ಅಷ್ಟೇ.

ಮುಚ್ಚಳದೊಳಗೆ ಪಾಲಿಯೆಸ್ಟರ್ ಹಾಳೆಯ ಕಿಸೆಯಲ್ಲಿ ಒಂದು ಕಾಗದ: ಯಾವ ಮೂಲೆಗೆ ಯಾವ ಅಂಟು, ಎಷ್ಟು ಮೊಳೆ ಉಳಿದಿವೆ, ಬಿ-72 ಎಲ್ಲಿದೆ, ಒಳಗಿನ ದೂಳಿಗೆ ಕೈಗವಸು ಬೇಕು. ತೆಗೆದ ಮೊಳೆಗಳು ಚೀಟಿ ಬರೆದ ಸಣ್ಣ ಪೊಟ್ಟಣದಲ್ಲಿ ಅದೇ ಕಿಸೆಯಲ್ಲಿವೆ.

ಮುಂದಿನ ಸೆಪ್ಟೆಂಬರಿನ ಅಳತೆ: ತಳದ ಸಂದು 4ರಿಂದ 1.5 ಮಿ.ಮೀ.ಗೆ ಇಳಿದಿದೆ, ಪಟ್ಟಿ ಜಾರಿದೆ, ಮೂಲೆಗಳು ಅಲುಗಿಲ್ಲ. ಕಪ್ಪು ಹಾಳೆಯ ಮೇಲೆ ಪುಡಿ ಇಲ್ಲ. ಎರಡನೆಯ ಮೂಲೆಯ ಹೊರಗೆ ಒರೆಸದೆ ಉಳಿದ ವಜ್ರದ ಮೇಲೆ ಸಾಸಿವೆಯಷ್ಟು ಬೂಷ್ಟು ಕಂಡಿತು. ಸ್ಪಿರಿಟ್ ಮುಟ್ಟಿಸದೆ, ಒಣ ಬ್ರಷ್ ಮತ್ತು ವ್ಯಾಕ್ಯೂಮ್‌ನಲ್ಲಿ ತೆಗೆದು, ಆ ಜಾಗವನ್ನು ಕಾಗದದಲ್ಲಿ ಗುರುತಿಸಿದೆ.